ಎಲ್ಲೆಲ್ಲಿಯೂ ಇರುವುದು: ಒಂದು ಶಬ್ದವಿಚಾರ

ಇಂಗ್ಲೀಷು ಭಾಷೆಯಲ್ಲಿ ‘ಯುಬಿಕ್ವಿಟಸ್’ ಎಂಬುದೊಂದು ಶಬ್ದವುಂಟು. ಹಿಂದೆ ಪಂಡಿತರ ಗ್ರಂಥಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಮಾತು ಈಗ ವೃತ್ತಪತ್ರಿಕೆಗಳಿಗೂ ಪರೀಕ್ಷೆಯ ಪ್ರಶ್ನಪತ್ರಿಕೆಗಳಿಗೂ ಇಳಿದು ಬಂದಿರುವುದರಿಂದ, ಮಕ್ಕಳು ಪುಸ್ತಕವನ್ನು ಹಿಡಿದುಕೊಂಡು ಬಂದು ಮನೆಯ ಹಿರಿಯರನ್ನು ಇದರ ಅರ್ಥವೇನೆಂದು ಕೇಳುವ ಪ್ರಸಂಗವು ಅನೇಕ ಮನೆಗಳಲ್ಲಿ ಒದಗುತ್ತಲಿದೆ. ಹಿರಿಯರು ನಿಘಂಟನ್ನು ತೆರೆಯುವರು. ಅಲ್ಲಿ ‘ಸರ್ವವ್ಯಾಪಿ’, ‘ಸರ್ವಾಂತರ್ಯಾಮಿ’ ಎಂದು ಮುದ್ರಿತವಾಗಿರುವುದು. ಹುಡುಗನು ತೃಪ್ತನಾಗಿ ಹೋಗಿ, ‘ನಮ್ಮ ಪೇಟೆಯಲ್ಲಿ ಚಹದ ಅಂಗಡಿಗಳು ಸರ್ವಾಂತರ್ಯಾಮಿಗಳಾಗಿವೆ’ ಎಂದು ಬರೆಯುವನು. ಚಹವು ಈಗ ಎಲ್ಲರ ಒಳಗೂ ಸೇರಿಕೊಂಡಿರುವುದು ದಿಟವಾದರೂ, ಅಂಗಡಿಯನ್ನು ಅಂತರ್ಯಾಮಿಯೆಂದು ಕರೆದರೆ ಕೇಳಿದವರು ನಗದೆ ಇರಲಾರರು. ನಿಘಂಟು ಸುಳ್ಳನ್ನು ಹೇಳಲಿಲ್ಲ, ಹುಡುಗನೂ ಅಜಾಗರೂಕನಲ್ಲ. ಆದರೂ ವಾಕ್ಯವು ಕೆಟ್ಟಿತು. ಹೀಗೇಕಾಯಿತೆಂಬುದನ್ನು ವಿಚಾರಿಸಹೊರಟರೆ, ಈ ಒಂದು ಶಬ್ದದ ನೆಪದಿಂದ ನಮ್ಮ ಕನ್ನಡವು ‘ಎಲ್ಲೆಲ್ಲಿಯೂ ಇರುವಿಕೆ’ಯನ್ನು ಯಾವ ಯಾವ ರೀತಿಯಲ್ಲಿ ಹೇಳಬಲ್ಲುದೆಂಬ ಸಂಗತಿಯು ತಾನಾಗಿ ಹೊರಬೀಳುವುದು.

ಶಬ್ದದ ಮೂಲವು ಲ್ಯಾಟಿನ್. ಆ ಭಾಷೆಯಲ್ಲಿ ‘ಉಬಿ’ ಎಂದರೆ ‘ಎಲ್ಲಿ’. ‘ಉಬೀಕ್ವೆ’ ಎಂದರೆ ‘ಎಲ್ಲೆಲ್ಲಿಯೂ’. ಸಂಸ್ಕೃತದ ‘ಸರ್ವತ್ರ’ ಎಂಬುದಕ್ಕೆ ಇದು ಸರಿಸಮಾನವಾದ ಪದ. ಯೂರೋಪಿನಲ್ಲಿ ಮೊದಲು ಇದನ್ನು ಎತ್ತಿಕೊಂಡವರು ಮತಶಾಸ್ತ್ರಜ್ಞರು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನ ಅನುಯಾಯಿಗಳಲ್ಲಿ ಕೆಲವರು ಕ್ರಿಸ್ತನ ಶರೀರವು ಏಕಕಾಲದಲ್ಲಿ ಸರ್ವತ್ರ ಇರಬಲ್ಲುದೆಂದು ವಾದಿಸಿದರು. ಅವರನ್ನು ಎದುರಾಳಿಗಳು ‘ಸರ್ವತ್ರವಾದಿಗಳು’ ಎಂಬರ್ಥದ ಹೆಸರಿನಿಂದ ಕರೆದರು. ಅಲ್ಲಿಂದ ಶಬ್ದವು ನ್ಯಾಯಶಾಸ್ತ್ರಕ್ಕೆ ಬಂದಿತು. 1765ನೆಯ ಇಸವಿಯಿಂದ ಮೊದಲುಗೊಂಡು ಪ್ರಕಟವಾದ ತನ್ನ ಧರ್ಮಶಾಸ್ತ್ರ ವ್ಯಾಖ್ಯಾನದಲ್ಲಿ ಬ್ಲ್ಯಾಕ್‌ಸ್ಟನ್ ಎಂಬ ಆಂಗ್ಲ ವಿದ್ವಾಂಸನು, ರಾಜನು ಎಲ್ಲ ನ್ಯಾಯಸ್ಥಾನಗಳಲ್ಲಿಯೂ ಸದಾ ಇದ್ದಾನೆಂದೇ ಕಾನೂನಿನ ದೃಷ್ಟಿಯಲ್ಲಿ ಎಣಿಸತಕ್ಕದ್ದೆಂದು ಬರೆದು, ಈ ಗುಣಕ್ಕೆ ಇದೇ ಹೆಸರನ್ನು ಬಳಸಿದನು. ಆಮೇಲೆ ಸೈನ್ಯಕ್ಕೆ ಬಂದಿತು. ಬ್ರಿಟಿಷ್ ತೋಪಿನ ದಳಕ್ಕೆ 1832ರಲ್ಲಿ ‘ಉಬೀಕ್ವೆ’ ಎಂಬುದನ್ನೇ ಬಿರುದಾಗಿ ಕೊಟ್ಟರು. ಎಲ್ಲಿ ಯುದ್ಧವೋ ಅಲ್ಲಿ ತೋಪು ಎಂದು ತಾತ್ಪರ್ಯ.

ಹೀಗೆ ದೇವರಿಂದ ದೊರೆಗೆ, ದೊರೆಯಿಂದ ಸಿಪಾಯಿಗೆ ಇಳಿಯುತ್ತ ಬಂದ ಶಬ್ದವು ಹತ್ತೊಂಬತ್ತನೆಯ ಶತಮಾನದಲ್ಲಿ ಬೀದಿಗೆ ಬಿದ್ದು, ಎಲ್ಲಿ ಹೋದರೂ ಎದುರಾಗುವ ಮನುಷ್ಯರನ್ನೂ ಸಾಮಾನುಗಳನ್ನೂ ಕುರಿತು ಸ್ವಲ್ಪ ವಿನೋದವಾಗಿ ಹೇಳುವ ಮಾತಾಯಿತು. ಈ ವಿನೋದದ ಛಾಯೆಯು ಇಂದಿಗೂ ಅದನ್ನು ಬಿಟ್ಟಿಲ್ಲ. ಇಂಗ್ಲೀಷು ಲೇಖಕನು ಛತ್ರಿಯನ್ನೋ, ಕಾಗೆಯನ್ನೋ, ಕೈಯೊಳಗಿನ ದೂರವಾಣಿಯನ್ನೋ ‘ಯುಬಿಕ್ವಿಟಸ್’ ಎನ್ನುವಾಗ, ‘ಎಲ್ಲಿಗೆ ಹೋದರೂ ಇದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲವಲ್ಲ’ ಎಂಬ ಒಂದು ಸಣ್ಣ ನಿಟ್ಟುಸಿರು ಅದರಲ್ಲಿ ಅಡಗಿರುವುದು. ಅತಿಶಯೋಕ್ತಿಗೆ ಇಲ್ಲಿ ಅವಕಾಶವುಂಟು. ಲೆಕ್ಕ ಹಾಕಿ ನೋಡಿದರೆ ನಿಜವಾಗಿ ಎಲ್ಲೆಲ್ಲಿಯೂ ಇರಬೇಕೆಂಬ ನಿರ್ಬಂಧವಿಲ್ಲ. ಆದರೆ ‘ಎಲ್ಲೆಲ್ಲಿಯೂ’ ಎಂಬುದು ಶಬ್ದದೊಳಗೇ ಇರುವುದರಿಂದ ಅದಕ್ಕೆ ‘ಬಹಳ’, ‘ಅತ್ಯಂತ’ ಎಂಬ ವಿಶೇಷಣಗಳನ್ನು ತಗಲಿಸುವುದು ಒಳ್ಳೆಯ ಬರವಣಿಗೆಯ ಲಕ್ಷಣವಲ್ಲ.

ಇದರ ನೆರೆಹೊರೆಯ ಶಬ್ದಗಳನ್ನೂ ಒಂದಿಷ್ಟು ನೋಡಿಕೊಳ್ಳಬೇಕು. ಏಕೆಂದರೆ ಪರೀಕ್ಷೆಗಳಲ್ಲಿ ಮಕ್ಕಳು ಎಡವುವುದು ಇಲ್ಲಿಯೇ. ‘ವೈಡ್‌ಸ್ಪ್ರೆಡ್’ ಎಂಬುದು ವಿಸ್ತಾರವಾದ ಪ್ರದೇಶದಲ್ಲಿ ಹರಡಿದ್ದೆಂದು ಮಾತ್ರ ತಿಳಿಸುವುದು; ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮಳೆಯೂ ಹಾಗಿರಬಹುದು, ಬರವೂ ಹಾಗಿರಬಹುದು. ‘ಪ್ರೆವಲೆಂಟ್’ ಎಂದರೆ ಒಂದು ಕಾಲದಲ್ಲಿ, ಒಂದು ಜನರಲ್ಲಿ ನಡೆಯುತ್ತಿರುವ ಪದ್ಧತಿ, ನಂಬಿಕೆ, ರೋಗ ಮುಂತಾದುವು. ನಮ್ಮ ‘ಪ್ರಚಲಿತ’ ಎಂಬುದು ಅದಕ್ಕೆ ಹತ್ತಿರ. ‘ರೈಫ್’ ಎಂಬುದು ಕೆಟ್ಟದ್ದಕ್ಕೇ ಮೀಸಲು. ಲಂಚ, ಗಾಳಿಸುದ್ದಿ, ಸೊಳ್ಳೆಕಾಟ ಇವುಗಳಿಗೆ ಹೇಳುವ ಮಾತು. ಕನ್ನಡದ ‘ಹಾವಳಿ’ಯು ಇದಕ್ಕಿಂತಲೂ ಜೀವಂತವಾದ ಶಬ್ದವೆಂದು ನಮ್ಮ ಅಭಿಪ್ರಾಯ. ‘ಯುನಿವರ್ಸಲ್’ ಎಂದರೆ ಒಂದೂ ಬಿಡದೆ ಎಲ್ಲಕ್ಕೂ ಅನ್ವಯಿಸುವಂಥದು. ಕೊನೆಗೆ ‘ಕಾಮನ್’. ಇದು ಸಾಧುವಾಗಿ ಕಾಣುವುದಾದರೂ ಮೂರು ಮುಖಗಳುಳ್ಳದ್ದು: ಹೆಚ್ಚಾಗಿ ಕಾಣಸಿಗುವುದು, ಅನೇಕರಿಗೆ ಒಟ್ಟಾಗಿ ಸೇರಿದ್ದು, ಕೀಳಾದದ್ದು. ಕನ್ನಡದ ‘ಸಾಮಾನ್ಯ’ಕ್ಕೂ ಬಹುಮಟ್ಟಿಗೆ ಇದೇ ಮೂರು ಮುಖಗಳಿದ್ದು, ಅದರ ಜೊತೆಗೆ ನಾಲ್ಕನೆಯದೊಂದು ಇರುವುದು. ಆ ವಿಷಯಕ್ಕೆ ಮುಂದೆ ಬರುವೆವು.

ಇಂಥ ಶಬ್ದಗಳ ತೂಕವನ್ನು ನಿಘಂಟಿನಲ್ಲಿ ನೋಡುವುದಕ್ಕಿಂತ ಒಂದು ಊರಿನಲ್ಲಿ ಇಟ್ಟು ನೋಡುವುದು ಮೇಲು. ನಾವು ಇದಕ್ಕಾಗಿ ತುಂಗಭದ್ರೆಯ ಎಡದಂಡೆಯ ಮೇಲಿರುವ ಮುನಿರಾಬಾದನ್ನೂ ಅದರ ಸುತ್ತಣ ಕೊಪ್ಪಳ ಸೀಮೆಯನ್ನೂ ಆರಿಸಿಕೊಂಡಿರುವೆವು. ಆರಿಸಿಕೊಳ್ಳುವುದಕ್ಕೆ ಕಾರಣವಿಲ್ಲದೆ ಇಲ್ಲ. ಸುಮಾರು 850ರಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು, ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡಿನಲ್ಲಿ ಕನ್ನಡದ ತಿರುಳು ಇರುವ ಭಾಗವನ್ನು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣನಗರವನ್ನೂ ಹೆಸರಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳ. ಸಂಸ್ಕೃತವನ್ನೂ ಕನ್ನಡವನ್ನೂ ಹದವರಿಯದೆ ಕೂಡಿಸಿದರೆ, ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತಾಗುವುದೆಂದು ಎಚ್ಚರಿಸಿದ ಗ್ರಂಥವೂ ಅದೇ. ಚಹದ ಅಂಗಡಿಗೆ ‘ಸರ್ವಾಂತರ್ಯಾಮಿ’ಯನ್ನು ಸೇರಿಸಿದಾಗ ಒಡೆದದ್ದು ಅದೇ ಹಾಲು.

ಇದಲ್ಲದೆ ಮುನಿರಾಬಾದು ಹಲವು ಭಾಷೆಗಳ ನೆರಳನ್ನು ಕಂಡ ಸ್ಥಳ. 1948ರವರೆಗೆ ಈ ಪ್ರದೇಶವು ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದು, 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿತು. ಊರ ಹೆಸರಿನ ಕೊನೆಯಲ್ಲಿರುವ ‘ಆಬಾದ್’ ಎಂಬುದು ಪಾರಸಿ ಮಾತು, ಜನವಸತಿಯುಳ್ಳದ್ದು ಎಂದರ್ಥ. ಹೈದರಾಬಾದು, ಔರಂಗಾಬಾದು, ಅಲಹಾಬಾದು ಎಂದು ಹಿಂದೂಸ್ಥಾನದ ಉದ್ದಗಲಕ್ಕೂ ಈ ಪ್ರತ್ಯಯವು ಹರಡಿದ್ದಿತು. ಹೆಸರುಗಳನ್ನು ಬದಲಿಸಿದ ಮೇಲೂ ಬೇಕಾದಷ್ಟು ಉಳಿದಿದೆ. ಉರ್ದುವು ಕಛೇರಿಯ ಭಾಷೆಯಾಗಿದ್ದ ಆ ದಿನಗಳಲ್ಲಿ ‘ಖಾಸ್’ ಮತ್ತು ‘ಆಮ್’ ಎಂಬ ಜೋಡಿಶಬ್ದಗಳು ಸರ್ವರ ಕಿವಿಗೂ ಬೀಳುತ್ತಿದ್ದುವು: ಒಂದು ಒಬ್ಬರದು, ಇನ್ನೊಂದು ಎಲ್ಲರದು. ವಿಚಿತ್ರವೇನೆಂದರೆ ‘ಖಾಸ್’ ಎಂಬುದು ‘ಖಾಸಗಿ’ಯಾಗಿ ಕನ್ನಡದಲ್ಲಿ ಬೇರೂರಿ ನಿಂತಿತು, ‘ಆಮ್’ ಎಂಬುದಕ್ಕೆ ಆ ಭಾಗ್ಯ ಬರಲಿಲ್ಲ. ಎಲ್ಲರದೆಂಬುದನ್ನು ಹೇಳುವುದಕ್ಕೆ ಕನ್ನಡಕ್ಕೆ ಸಾಲವು ಬೇಕಾಗಿರಲಿಲ್ಲವೆಂದು ತೋರುವುದು.

ಈಗ ‘ಸರ್ವವ್ಯಾಪಿ’ಯನ್ನು ಎತ್ತಿಕೊಳ್ಳುವ. ತರ್ಕಶಾಸ್ತ್ರದವರು ಆಕಾಶ, ಕಾಲ, ದಿಕ್ಕು, ಆತ್ಮ ಇವುಗಳನ್ನು ವಿಭುಗಳೆನ್ನುವರು. ಎಂದರೆ ಇಲ್ಲಿ ಇದೆ, ಅಲ್ಲಿ ಇಲ್ಲ ಎನ್ನಲು ಬಾರದಂಥವು. ಪ್ರಹ್ಲಾದನ ಹರಿಯು ಸರ್ವವ್ಯಾಪಿ. ಕಂಬದಲ್ಲಿ ಇದ್ದಾನೆಯೇ ಎಂದು ಹಿರಣ್ಯಕಶಿಪುವು ಕೇಳಿದಾಗ, ಕಂಬದಲ್ಲಿ ಒಬ್ಬ, ಗೋಡೆಯಲ್ಲಿ ಇನ್ನೊಬ್ಬ ಇದ್ದಾನೆಂದು ಮಗುವು ಹೇಳಲಿಲ್ಲ. ಒಬ್ಬನೇ ಎಲ್ಲದರಲ್ಲಿಯೂ ಇರುವನು. ತುಂಡಾಗದೆ, ಎಣಿಕೆಗೆ ಸಿಕ್ಕದೆ ಎಲ್ಲ ಕಡೆಯೂ ಇರುವುದು ಸರ್ವವ್ಯಾಪಿತ್ವ.

ಇದರ ಪಕ್ಕದಲ್ಲಿ ಕೊಪ್ಪಳ ಸೀಮೆಯ ಹನುಮಪ್ಪನನ್ನು ನಿಲ್ಲಿಸಿ ನೋಡಿರಿ. ಗಂಗಾವತಿಯ ಸಮೀಪದ ಆನೆಗೊಂದಿಯ ಪ್ರಾಂತವೇ ರಾಮಾಯಣದ ಕಿಷ್ಕಿಂಧೆಯೆಂದೂ ಅಲ್ಲಿಯ ಅಂಜನಾದ್ರಿಯೇ ಆಂಜನೇಯನ ಜನ್ಮಸ್ಥಾನವೆಂದೂ ಜನರ ನಂಬಿಕೆ. ವಿಜಯನಗರದ ಕಾಲದಲ್ಲಿ ವ್ಯಾಸರಾಯರು 732 ಕಡೆಗಳಲ್ಲಿ ಪ್ರಾಣದೇವರನ್ನು ಪ್ರತಿಷ್ಠಿಸಿದರೆಂಬ ಐತಿಹ್ಯವುಂಟು. ಅವರು ನಿಲ್ಲಿಸಿದ್ದಕ್ಕಿಂತ ಹೆಚ್ಚಾಗಿ ಜನರೇ ನಿಲ್ಲಿಸಿಕೊಂಡಿರುವರು. ಈ ಸೀಮೆಯಲ್ಲಿ ಹನುಮಪ್ಪನ ಗುಡಿಯಿಲ್ಲದ ಹಳ್ಳಿಯನ್ನು ಹುಡುಕುವುದು ಕಷ್ಟ. ಶಾಲೆಯ ಹಾಜರಿ ಪುಸ್ತಕದಲ್ಲಿ ಹನುಮಂತ, ಹನುಮೇಶ, ಹನುಮವ್ವ, ಹನುಮಂತಪ್ಪ ಇಲ್ಲದ ಪುಟವೂ ಅಪರೂಪ. ಆದರೆ ಯಾವ ರೈತನೂ ‘ಹನುಮಪ್ಪನು ಸರ್ವವ್ಯಾಪಿ’ ಎನ್ನುವುದಿಲ್ಲ. ‘ಊರಿಗೊಬ್ಬ ಹನುಮಪ್ಪ’ ಎನ್ನುವನು. ಪ್ರತಿಯೊಬ್ಬ ಹನುಮಪ್ಪನೂ ತನ್ನ ಊರಿಗೇ ಸೇರಿದವನು. ಅವನ ಜಾತ್ರೆ ಬೇರೆ, ಓಕುಳಿ ಬೇರೆ, ಕೆಲವೊಮ್ಮೆ ಅವನ ಕೋಪವೂ ಬೇರೆ. ಎಲ್ಲೆಲ್ಲಿಯೂ ಇರುವನು, ಆದರೆ ಒಂದೊಂದಾಗಿ ಎಣಿಸಬರುವಂತೆ ಇರುವನು. ಇದೇ ‘ಯುಬಿಕ್ವಿಟಸ್’.

ಇಲ್ಲಿ ನಮ್ಮ ಭಾಷೆಯ ಶಕ್ತಿಯು ಎಲ್ಲಿದೆಯೆಂಬುದು ತಿಳಿದುಬರುತ್ತದೆ. ಇಂಗ್ಲೀಷು ಒಂದು ಗುಣವಾಚಕದಲ್ಲಿ ಹೇಳಿದ್ದನ್ನು ಕನ್ನಡವು ವಿಭಕ್ತಿಯಿಂದಲೂ ದ್ವಿರುಕ್ತಿಯಿಂದಲೂ ಹೇಳುತ್ತದೆ. ಊರಿಗೊಂದು, ಓಣಿಗೊಂದು, ಮನೆಗೊಂದು ಎಂದು ಚತುರ್ಥಿಯನ್ನು ಹಚ್ಚುವುದು ಒಂದು ಮಾರ್ಗ. ಊರೂರು, ಮನೆಮನೆ, ಬೀದಿಬೀದಿ ಎಂದು ಪದವನ್ನೇ ಎರಡು ಸಲ ನುಡಿಯುವುದು ಇನ್ನೊಂದು ಮಾರ್ಗ. ಇದನ್ನು ವೈಯಾಕರಣರು ವೀಪ್ಸೆಯೆಂದು ಕರೆದಿರುವರು. ‘ಎಲ್ಲಿ ನೋಡಿದರಲ್ಲಿ’, ‘ಎತ್ತ ಹೋದರತ್ತ’ ಎಂದು ಇಡೀ ವಾಕ್ಯಖಂಡವನ್ನೇ ವಿಶೇಷಣವಾಗಿ ಮಾಡಿಕೊಳ್ಳುವುದು ಮೂರನೆಯದು. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಮನೋಭಾವವುಂಟು. ‘ಮನೆಮನೆಗೂ’ ಎಂಬಲ್ಲಿ ಆದರವಿದೆ. ದೀಪ, ವಿದ್ಯೆ, ನೀರು ಇವು ಮನೆಮನೆಗೂ ತಲುಪುವುವು. ‘ಕಂಡಕಂಡಲ್ಲಿ’ ಎಂಬಲ್ಲಿ ಗದರಿಕೆಯಿದೆ. ಎಲೆಯಡಿಕೆಯನ್ನು ಕಂಡಕಂಡಲ್ಲಿ ಉಗುಳುವರು, ದೇವಾಲಯವನ್ನು ಯಾರೂ ಕಂಡಕಂಡಲ್ಲಿ ಕಟ್ಟಿಸುವುದಿಲ್ಲ, ಕಟ್ಟಿಸಿದರೆ ಹಾಗೆನ್ನುವವನು ಭಕ್ತನಲ್ಲ. ‘ಬೀದಿಬೀದಿ’ ಎಂಬಲ್ಲಿ ದೈನ್ಯ, ‘ಹೆಜ್ಜೆಹೆಜ್ಜೆಗೂ’ ಎಂಬಲ್ಲಿ ಅಡ್ಡಿಯ ನೆನಪು. ನಿಘಂಟಿನ ‘ಸರ್ವವ್ಯಾಪಿ’ಯಲ್ಲಿ ಇವು ಯಾವುವೂ ಇಲ್ಲ. ಶಬ್ದಶಃ ಲ್ಯಾಟಿನ್ ಮಾತಿಗೆ ಸರಿಹೊಂದಬೇಕಾಗಿದ್ದ ‘ಸಾರ್ವತ್ರಿಕ’ವಂತೂ ಚುನಾವಣೆಗೂ ರಜೆಗೂ ಹೋಗಿ ಸೇರಿಕೊಂಡು, ಬೇರೆ ಕೆಲಸಕ್ಕೆ ಬಿಡುವಿಲ್ಲದಂತಾಗಿದೆ.

ಹಳೆಯ ಕಾಲದ ಒಂದು ನಿದರ್ಶನವನ್ನು ಇಲ್ಲಿಯೇ ಹೇಳಿಬಿಡುವೆವು. ಕೊಪ್ಪಳದ ಗವಿಮಠದ ಬೆಟ್ಟದ ಬಂಡೆಯ ಮೇಲೂ ಸಮೀಪದ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿರುವುದು 1931ರಲ್ಲಿ ವಿದ್ವಾಂಸರಿಗೆ ತಿಳಿದುಬಂದಿತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿದುದೂ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವುದೂ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿರುವುದೂ ಬಹುಮಟ್ಟಿಗೆ ಅದೇ ಒಕ್ಕಣೆ: ದೊಡ್ಡವರು ಮಾತ್ರವಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಶ್ರೇಯಸ್ಸನ್ನು ಹೊಂದಬಲ್ಲರೆಂಬುದು. ದೊರೆಯು ಸರ್ವತ್ರ ಇರುವನೆಂದು ಆಂಗ್ಲ ವಿದ್ವಾಂಸನು ಕಾನೂನಿನ ಕಲ್ಪನೆಯಿಂದ ಸಾಧಿಸಿದ್ದನ್ನು, ಎರಡು ಸಾವಿರ ವರ್ಷಗಳ ಹಿಂದೆ ಮೌರ್ಯ ಸಾಮ್ರಾಟನು ಉಳಿಯಿಂದ ಸಾಧಿಸಿದ್ದನು. ಅವನೂ ಬಂಡೆಗೊಂದು ಎಂಬ ಮಾರ್ಗವನ್ನೇ ಹಿಡಿದನೆಂಬುದು ಗಮನಿಸತಕ್ಕದ್ದು.

ಮುನಿರಾಬಾದಿನ ಈಚಿನ ಇತಿಹಾಸವು ಅಣೆಕಟ್ಟಿನದು. 1945ನೆಯ ಫೆಬ್ರವರಿ 28ರಂದು ತುಂಗಭದ್ರೆಯ ಈ ದಡದಲ್ಲಿ ಹೈದರಾಬಾದು ಸಂಸ್ಥಾನದ ಪರವಾಗಿಯೂ ಆ ದಡದಲ್ಲಿ ಮದರಾಸು ಸರ್ಕಾರದ ಪರವಾಗಿಯೂ ಶಂಕುಸ್ಥಾಪನೆ ನಡೆಯಿತು. 1953ರಲ್ಲಿ ನೀರು ಕಾಲುವೆಗಳಿಗೆ ಹರಿಯಿತು. ನೀರಿನೊಡನೆ ಕೆಲವು ಶಬ್ದಗಳೂ ಹರಿದು ಬಂದುವು. ಅವುಗಳಲ್ಲಿ ಮುಖ್ಯವಾದುದು ‘ಕ್ಯಾಂಪು’. ಕರಾವಳಿ ಆಂಧ್ರದಿಂದ ಬಂದ ರೈತರು ಎಡದಂಡೆಯ ಕಾಲುವೆಯ ಬಯಲಿನಲ್ಲಿ ಹೊಲಗಳನ್ನು ಕೊಂಡು, ಹೊಲಗಳ ನಡುವೆಯೇ ಬಿಡಾರ ಹೂಡಿ ಭತ್ತವನ್ನು ಬೆಳೆಯತೊಡಗಿದರು. ಬಿಡಾರಗಳು ಮನೆಗಳಾದುವು, ಮನೆಗಳು ಊರುಗಳಾದುವು. ಶಾಲೆ, ಗುಡಿ, ಅಕ್ಕಿ ಗಿರಣಿಗಳೆಲ್ಲ ಬಂದುವು. ಆದರೂ ಹೆಸರು ಮಾತ್ರ ಕ್ಯಾಂಪೆಂದೇ ಉಳಿಯಿತು. ಗಂಗಾವತಿಯಿಂದ ಸಿಂಧನೂರಿನ ಕಡೆಗೆ ಹೋಗುವವರು ರಸ್ತೆಯ ಫಲಕಗಳಲ್ಲಿ ಈ ಮಾತನ್ನು ಎಷ್ಟು ಸಲ ಓದುವರೋ ಲೆಕ್ಕವಿಲ್ಲ. ಎರಡು ದಿನ ಇದ್ದು ಕಿತ್ತುಹೋಗುವ ಡೇರೆಗೆ ಹೇಳುವ ಶಬ್ದವು ಎರಡು ಮೂರು ತಲೆಮಾರುಗಳಿಂದ ನೆಲೆಸಿದವರ ಊರಿಗೆ ಅಂಟಿಕೊಂಡಿರುವುದು ವಿನೋದವಾಗಿ ತೋರಬಹುದು. ಆದರೆ ‘ಕ್ಯಾಂಪಸ್’ ಎಂಬ ಲ್ಯಾಟಿನ್ ಮೂಲಕ್ಕೆ ಹೋದರೆ ಅದರ ಅರ್ಥವು ‘ಬಯಲು, ಹೊಲ’ ಎಂದು. ಗಂಗಾವತಿಯ ಭತ್ತದ ಗದ್ದೆಯಲ್ಲಿ ಶಬ್ದವು ತನ್ನ ತವರನ್ನು ಸೇರಿತೆನ್ನಬಹುದು.

ಕ್ಯಾಂಪಿನ ಹಾಗೆಯೇ ‘ಟಿ.ಎಂ.ಸಿ.’ ಎಂಬ ಮೂರಕ್ಷರವೂ ಇಲ್ಲಿ ಎಲ್ಲರ ನಾಲಗೆಯ ಮೇಲಿರುವುದು. ನೂರು ಕೋಟಿ ಘನ ಅಡಿಯೆಂಬುದು ಅದರ ಅರ್ಥ. ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿರುವುದನ್ನು ಬರಹ ಬಾರದ ರೈತನೂ ಬಾಯಿಪಾಠವಾಗಿ ಹೇಳುವನು. 2024ರ ಆಗಸ್ಟು 10ರ ರಾತ್ರಿ ಅಣೆಕಟ್ಟಿನ ಮೂವತ್ತಮೂರು ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಹರಿದು ಬಾಗಿಲು ಕೊಚ್ಚಿಕೊಂಡು ಹೋದಾಗ, ‘ಕ್ರೆಸ್ಟ್ ಗೇಟ್’, ‘ಸ್ಟಾಪ್‌ಲಾಗ್’ ಎಂಬ ಯಂತ್ರಶಾಸ್ತ್ರದ ಮಾತುಗಳು ಒಂದೇ ವಾರದಲ್ಲಿ ಅಡಿಗೆಮನೆಯವರೆಗೂ ಹೋದುವು. ಆದರೆ ಇವುಗಳನ್ನು ‘ಯುಬಿಕ್ವಿಟಸ್’ ಎನ್ನಲಾಗದು. ಒಂದು ಋತುವಿನಲ್ಲಿ ಎಲ್ಲರ ಬಾಯಲ್ಲಿ ಇದ್ದು ಮರೆಯಾಗುವ ಮಾತಿಗೆ ‘ಪ್ರೆವಲೆಂಟ್’ ಎಂಬುದು ಸಾಕು.

ಸಸ್ಯಗಳಲ್ಲಿ ಈ ಬಿರುದಿಗೆ ಅರ್ಹವಾದುದು ಬಳ್ಳಾರಿ ಜಾಲಿ. ಹೆಸರಿನಿಂದ ನಮ್ಮ ನೆರೆಯ ಜಿಲ್ಲೆಯದೆಂದು ತೋರಿದರೂ ಇದು ಅಮೆರಿಕಾ ಖಂಡದ ಗಿಡ. 1877ರಲ್ಲಿ ಇದರ ಬೀಜವನ್ನು ಜಮೈಕಾದಿಂದ ತರಿಸಿ ಕಡಪೆಯ ಪ್ರಾಂತದಲ್ಲಿ ಬಿತ್ತಿದರು. ಸೌದೆಗೆ ಆಗುವುದು, ಬರದಲ್ಲಿಯೂ ಹಸಿರಾಗಿರುವುದು ಎಂದು ತಂದದ್ದು, ಬೀಳುಭೂಮಿ, ಕೆರೆಯ ಅಂಗಳ, ರೈಲುಹಾದಿ ಎನ್ನದೆ ಆವರಿಸಿಕೊಂಡಿತು. ಮೇಕೆಗಳು ಸಿಹಿಯಾದ ಕಾಯನ್ನು ತಿಂದು ಹೋದಲ್ಲೆಲ್ಲ ಬೀಜವನ್ನು ಹಾಕುವುವು. ಕಡಿದರೆ ಬುಡದಿಂದ ಇಮ್ಮಡಿಯಾಗಿ ಚಿಗುರುವುದು. ಬಡವರಿಗೆ ಒಲೆಯ ಸೌದೆಯೂ ಇದೇ, ಹೊಲದ ವೈರಿಯೂ ಇದೇ. ಇದನ್ನು ಕುರಿತು ‘ಎಲ್ಲಿ ನೋಡಿದರಲ್ಲಿ ಜಾಲಿ’ ಎಂದರೆ ಸಾಕು. ಆ ನಿಟ್ಟುಸಿರು ಸಹಿತವಾಗಿ ಇಂಗ್ಲೀಷು ಶಬ್ದವು ಕನ್ನಡಕ್ಕೆ ಬಂದಂತಾಯಿತು.

1988ರಲ್ಲಿ ಅಮೆರಿಕದ ಮಾರ್ಕ್ ವೈಸರ್ ಎಂಬ ಗಣಕ ವಿಜ್ಞಾನಿಯು ಈ ಶಬ್ದಕ್ಕೆ ಇನ್ನೊಂದು ತಿರುವನ್ನು ಕೊಟ್ಟನು. ಮುಂದೆ ಗಣಕಯಂತ್ರಗಳು ಮೇಜಿನ ಮೇಲೆ ಇರದೆ ಗೋಡೆ, ಬಟ್ಟೆ, ಪಾತ್ರೆಪಡಗಗಳಲ್ಲಿ ಸೇರಿಹೋಗಿ ಎಲ್ಲೆಲ್ಲಿಯೂ ಇರುವುವೆಂದು ಊಹಿಸಿ, ಅದಕ್ಕೆ ‘ಯುಬಿಕ್ವಿಟಸ್’ ಗಣನೆಯೆಂದು ಹೆಸರಿಟ್ಟನು. ನಿಜವಾಗಿ ಎಲ್ಲ ಕಡೆಯೂ ಸೇರಿಹೋದ ಉಪಕರಣವು ಕಣ್ಣಿಗೆ ಕಾಣದಂತಾಗುವುದೆಂಬುದು ಅವನ ಮಾತಿನ ಸಾರ. ಕನ್ನಡಕವನ್ನು ಹಾಕಿಕೊಂಡವನಿಗೆ ಕನ್ನಡಕ ಕಾಣುವುದೇ?

ಉಪಕರಣಗಳಿಗೆ ಇದು ಶ್ರೇಯಸ್ಸೇ ಆಗಿರಬಹುದು. ಆದರೆ ಕೇಡೂ ಹೀಗೆಯೇ ಕಣ್ಣಿಗೆ ಕಾಣದಂತಾಗುವುದುಂಟು, ಮತ್ತು ಅದಕ್ಕೆ ಸಹಾಯ ಮಾಡುವುದು ನಾವು ಮೇಲೆ ಹೇಳದೆ ಬಿಟ್ಟ ‘ಸಾಮಾನ್ಯ’ದ ನಾಲ್ಕನೆಯ ಮುಖ. ‘ಇದು ಸಾಮಾನ್ಯ’ ಎಂದರೆ ‘ಹೆಚ್ಚಾಗಿ ಕಾಣುವುದು’ ಎಂದಷ್ಟೇ ಅಲ್ಲ. ‘ಇರಬೇಕಾದದ್ದು ಹೀಗೆಯೇ, ಚಿಂತಿಸಬೇಕಾದದ್ದೇನೂ ಇಲ್ಲ’ ಎಂದೂ ಅರ್ಥ. ಹರಡಿದ್ದಕ್ಕೂ ಆರೋಗ್ಯವಾದದ್ದಕ್ಕೂ ಒಂದೇ ಶಬ್ದ! ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅನೇಕ ಗ್ರಾಮಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಸುಣ್ಣದ ಹಾಗೆ ಬಿಳಿಯ ಮಚ್ಚೆಗಳೋ, ಹಳದಿ ಅಥವಾ ಕಂದು ಬಣ್ಣದ ಪಟ್ಟೆಗಳೋ ಕಾಣುವುವು. ಕೇಳಿದರೆ, ‘ನಮ್ಮ ಕಡೆ ಎಲ್ಲಾರ ಹಲ್ಲೂ ಹಿಂಗಽ ಅದಾವ್ರೀ’ ಎಂದು ಉತ್ತರ ಬರುವುದು. ಎಲ್ಲರದೂ ಹಾಗೆಯೇ ಇರುವಾಗ ಅದು ರೋಗವೆಂದು ಯಾರಿಗೆ ತೋಚೀತು? ಮದುವೆಯ ಮಾತು ಬೇರೆ ಸೀಮೆಯವರೊಡನೆ ನಡೆದಾಗ ಮಾತ್ರ ಹುಡುಗಿಯು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವಳು.

ಈ ಕಲೆಯು ಕೊಳೆಯಲ್ಲ. ಹಲ್ಲುಜ್ಜಿದರೆ ಹೋಗುವುದಲ್ಲ, ತಾಯಿಯ ಅಲಕ್ಷ್ಯದಿಂದ ಬಂದುದೂ ಅಲ್ಲ. ಈ ಭಾಗದ ಗ್ರಾನೈಟು ಬಂಡೆಗಳಲ್ಲಿ ಫ್ಲೋರೈಡು ಸೇರಿದ ಖನಿಜಗಳಿದ್ದು, ನೆಲದಾಳದ ನೀರಿನಲ್ಲಿ ಅದು ಕರಗುತ್ತದೆ. ಮಳೆಯು ಕಡಿಮೆಯಾಗಿ ಕೊಳವೆಬಾವಿಗಳು ಆಳಕ್ಕೆ ಹೋದಂತೆಲ್ಲ, ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಕೊಡಕ್ಕೆ ಬರುವುದು. ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರು ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಮಿನವರೆಗೆ ಫ್ಲೋರೈಡು ಇರಬಹುದು. ಬೇರೆ ನೀರು ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಮಿನವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಶಾಶ್ವತ ದಂತಗಳು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಎಂದರೆ ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷಗಳೊಳಗೆ, ಕುಡಿಯುತ್ತ ಬಂದರೆ ಹಲ್ಲಿನ ಹೊರಪದರವು ಕೆಡುವುದು. ಇನ್ನೂ ಹೆಚ್ಚಾದುದನ್ನು ಬಹುವರ್ಷ ಕುಡಿದರೆ ಕೀಲುಗಳೂ ಬೆನ್ನೂ ಬಿಗಿದುಕೊಳ್ಳುವುವು. ನಮ್ಮ ದೇಶದಲ್ಲಿ ಇದನ್ನು 1937ರಲ್ಲಿಯೇ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಗುರುತಿಸಿ ಬರೆದಿದ್ದರು. ಗೃಹಿಣಿಯರು ತಿಳಿಯಬೇಕಾದ ಒಂದು ವಿಷಯವೆಂದರೆ, ನೀರನ್ನು ಕುದಿಸುವುದರಿಂದ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಅಂಶವು ಹೆಚ್ಚುವುದು. ಕುದಿಸುವುದು ಕಾಲರಾ ಮೊದಲಾದ ರೋಗಗಳಿಗೆ ಒಳ್ಳೆಯ ಉಪಾಯ, ಇದಕ್ಕಲ್ಲ.

ಇನ್ನು, ಈ ಫ್ಲೋರೈಡನ್ನು ‘ಯುಬಿಕ್ವಿಟಸ್’ ಎನ್ನಬಹುದೇ? ಕೊಪ್ಪಳ ಜಿಲ್ಲೆಯಲ್ಲಿ ಅದು ಎಲ್ಲೆಲ್ಲಿಯೂ ಇದೆಯೆಂದು ಪತ್ರಿಕೆಗಳಲ್ಲಿ ಬರೆಯುವುದುಂಟು. ಉದ್ದೇಶವು ಒಳ್ಳೆಯದಾದರೂ ಮಾತು ಸರಿಯಲ್ಲ, ಮತ್ತು ಈ ತಪ್ಪು ಮಾತಿನಿಂದ ಹಾನಿಯುಂಟು. ಎಲ್ಲೆಲ್ಲಿಯೂ ಇರುವುದಾದರೆ ಮಾಡತಕ್ಕದ್ದೇನು? ಹಣೆಯ ಬರಹವೆಂದು ಸುಮ್ಮನಿರಬೇಕಷ್ಟೆ. ನದಿಯ ನೀರಿನಲ್ಲಿಯೂ ಕಾಲುವೆಯ ನೀರಿನಲ್ಲಿಯೂ ಇದು ಸಾಧಾರಣವಾಗಿ ಅಲ್ಪವೇ. ಕೊಳವೆಬಾವಿಗಳಲ್ಲಿಯೂ ಬಂಡೆಯಿದ್ದಂತೆ, ಆಳವಿದ್ದಂತೆ ವ್ಯತ್ಯಾಸವಾಗುವುದು. ಒಂದೇ ಗ್ರಾಮದ ಎರಡು ಬಾವಿಗಳಲ್ಲಿ ಒಂದರ ನೀರು ಕುಡಿಯಲು ಯೋಗ್ಯವಾಗಿದ್ದು ಮತ್ತೊಂದರದು ಅಯೋಗ್ಯವಾಗಿರಬಹುದು. ಎರಡೂ ಕಣ್ಣಿಗೆ ತಿಳಿಯಾಗಿಯೇ ಇರುವುವು, ನಾಲಗೆಗೂ ಭೇದ ತಿಳಿಯದು. ಆದುದರಿಂದ ಇಲ್ಲಿ ಸಲ್ಲುವ ಮಾತು ‘ಸರ್ವವ್ಯಾಪಿ’ಯೂ ಅಲ್ಲ, ‘ಸಾಮಾನ್ಯ’ವೂ ಅಲ್ಲ, ‘ಬಾವಿಗೊಂದು ಪ್ರಮಾಣ’ ಎಂಬುದು. ಹನುಮಪ್ಪನನ್ನು ಎಣಿಸಿದ ಚತುರ್ಥಿ ವಿಭಕ್ತಿಯೇ ಇಲ್ಲಿಯೂ ಕೆಲಸಕ್ಕೆ ಬಂದಿತು.

ಬಾವಿಗೊಂದು ಪ್ರಮಾಣವೆಂದ ಮೇಲೆ ಬಾವಿಬಾವಿಯನ್ನೂ ಪರೀಕ್ಷಿಸುವುದಕ್ಕೆ ಅರ್ಥವಿರುವುದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ಈ ಪರೀಕ್ಷೆಯನ್ನು ಕಲಿಸಿ, ಅದಕ್ಕೆ ಬೇಕಾದ ಸಣ್ಣ ಪೆಟ್ಟಿಗೆಯನ್ನು ಗ್ರಾಮ ಪಂಚಾಯತಿಗಳ ಮೂಲಕ ಕೊಡುವ ಏರ್ಪಾಡಾಗಿದೆ. ಕ್ರಮವು ಸುಲಭ. ಪರೀಕ್ಷಿಸಬೇಕಾದ ನೀರನ್ನು ಗಾಜಿನ ನಳಿಗೆಯಲ್ಲಿ ಗುರುತಿನವರೆಗೆ ತುಂಬಿ, ಪೆಟ್ಟಿಗೆಯೊಳಗಿನ ದ್ರಾವಣವನ್ನು ಹೇಳಿದ ಅಳತೆಗೆ ಸೇರಿಸಿ ಅಲುಗಿಸಬೇಕು. ಇದಕ್ಕೆ ವಾಡಿಕೆಯಾಗಿ ಬಳಸುವ ಜಿರ್ಕೋನಿಯಂ ದ್ರಾವಣದಲ್ಲಿ, ಫ್ಲೋರೈಡು ಇಲ್ಲದಿದ್ದರೆ ಬಣ್ಣವು ನಸುಗೆಂಪಾಗಿಯೇ ನಿಲ್ಲುವುದು. ಇದ್ದಷ್ಟೂ ಕೆಂಪು ಇಳಿದು ಹಳದಿಗೆ ತಿರುಗುವುದು. ಜೊತೆಗೆ ಕೊಟ್ಟ ಬಣ್ಣದ ಪಟ್ಟಿಯ ಪಕ್ಕದಲ್ಲಿ ನಳಿಗೆಯನ್ನು ಹಿಡಿದು ನೋಡಿ, ಸರಿಹೊಂದುವ ಅಂಕಿಯನ್ನು ಬಾವಿಯ ಹೆಸರಿನ ಮುಂದೆ ಬರೆದಿಡಬೇಕು. ಅಂಕಿಯು ಒಂದೂವರೆಯನ್ನು ಮೀರಿದ್ದರೆ ಆ ನೀರನ್ನು ಪಾತ್ರೆ ತೊಳೆಯುವುದಕ್ಕೂ ಬಟ್ಟೆಗೂ ಇಟ್ಟುಕೊಂಡು, ಕುಡಿಯುವುದಕ್ಕೂ ಅಡಿಗೆಗೂ ಬೇರೆ ನೀರನ್ನು ತರಬೇಕು. ಚಿಕ್ಕ ಮಕ್ಕಳ ಲೋಟಕ್ಕೆ ಎಲ್ಲಕ್ಕಿಂತ ಮೊದಲು.